ಪುಟ ಬದಲಿಸಿದರೆ ಒಂದೇ ಎಂಟ್ರಿ ಎರಡು ಸಲ ಬರುತ್ತಿದೆ, ಕೆಲವು ಕಾಣುವುದೇ ಇಲ್ಲ (ಪೋಸ್ಟ್‌ಗ್ರೆಸ್ ಡೇಟಾಬೇಸ್)

ಡೇರಿಲೆಕ್ಕ:
ನಮ್ಮೂರಿನ ಹಾಲಿನ ಡೇರಿಗೆ ಒಂದು ಸಣ್ಣ ವೆಬ್ ಆಪ್ ಮಾಡಿಕೊಟ್ಟಿದ್ದೇನೆ. ಬೆಳಿಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅನ್ನುವುದೆಲ್ಲ ‘ಜಮೆ’ ಅನ್ನುವ ಒಂದೇ ಟೇಬಲ್‌ನಲ್ಲಿದೆ. ಸುಮಾರು 8 ಲಕ್ಷ ಸಾಲು. ಪುಟಕ್ಕೆ 20 ತೋರಿಸುತ್ತೇನೆ. ಮೂರನೇ ಪುಟದ ಕ್ವೆರಿ (ಹೊಸ ದಿನಾಂಕ ಮೊದಲು ಬರುವಂತೆ ಜೋಡಿಸಿ, ಮೊದಲ 40 ಬಿಟ್ಟು ಮುಂದಿನ 20 ಕೊಡು ಅಂತ):

ಸೆಲೆಕ್ಟ್ * ಫ್ರಮ್ ಜಮೆ ಆರ್ಡರ್ ಬೈ ದಿನಾಂಕ ಡೆಸ್ಕ್ ಲಿಮಿಟ್ 20 ಆಫ್‌ಸೆಟ್ 40

ಒಂದು ಪುಟದಲ್ಲಿ ಕಂಡ ಎಂಟ್ರಿ ಕೆಲವೊಮ್ಮೆ ಇನ್ನೊಂದು ಪುಟದಲ್ಲೂ ಬರುತ್ತದೆ. ಬಟವಾಡೆಗೆ ಮುಂಚೆ ಕಾರ್ಯದರ್ಶಿ ಪುಟ ಪುಟ ತಿರುವಿ ನೋಡಿದಾಗ ಒಬ್ಬ ರೈತರ ಸಂಜೆ ಹಾಲು ಎಲ್ಲೂ ಸಿಗಲಿಲ್ಲ. ಸದಸ್ಯರ ನಂಬರ್ ಹಾಕಿ ಹುಡುಕಿದರೆ ಮಾತ್ರ ಬರುತ್ತದೆ. ಜೊತೆಗೆ ಹಳೇ ವರ್ಷಗಳ ಪುಟ ತೆರೆಯುವುದು ಬಹಳ ನಿಧಾನ. ದಿನಾಂಕದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಇದೆ.

ಕೆರೆದಂಡೆ:
ದಿನಾಂಕ ಕಾಲಂ ಡೇಟ್ ಟೈಪಾ (ತಾರೀಖು ಮಾತ್ರ), ಟೈಮ್‌ಸ್ಟ್ಯಾಂಪಾ (ತಾರೀಖಿನ ಜೊತೆ ಸಮಯವೂ)? ಒಂದು ದಿನಕ್ಕೆ ಎಷ್ಟು ಎಂಟ್ರಿ ಬೀಳುತ್ತವೆ?

ಡೇರಿಲೆಕ್ಕ:
ಡೇಟ್. ಎರಡೂ ಹೊತ್ತು ಸೇರಿ 350ರ ಆಸುಪಾಸು.

ಕೆರೆದಂಡೆ:
ಸಮಸ್ಯೆ ಅಲ್ಲೇ ಇದೆ. ಆ 350 ಸಾಲಿಗೂ ದಿನಾಂಕ ಒಂದೇ. ಅವುಗಳೊಳಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನೀವು ಹೇಳಿಲ್ಲ, ಹಾಗಾಗಿ ಡೇಟಾಬೇಸ್ ತನಗೆ ಅನುಕೂಲವಾದ ಕ್ರಮದಲ್ಲಿ ಕೊಡುತ್ತದೆ. ಆ ಕ್ರಮ ಪ್ರತಿ ಸಲವೂ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ. ಮೊದಲ ಪುಟಗಳಿಗೆ ಇಂಡೆಕ್ಸ್ ಓದಬಹುದು, ಆಫ್‌ಸೆಟ್ ದೊಡ್ಡದಾದಾಗ ಇಡೀ ಟೇಬಲ್ ಓದಿ ಸಾರ್ಟ್ ಮಾಡುವುದೇ ಅಗ್ಗ ಅಂತ ಪ್ಲ್ಯಾನರ್ (ಕ್ವೆರಿಯನ್ನು ಹೇಗೆ ಓಡಿಸುವುದೆಂದು ತೀರ್ಮಾನಿಸುವ ಭಾಗ) ದಾರಿ ಬದಲಿಸಬಹುದು. ಯಾರೋ ಫ್ಯಾಟ್ ತಿದ್ದಿದರೂ ಸಾಕು, ಪೋಸ್ಟ್‌ಗ್ರೆಸ್ ಆ ಸಾಲಿನ ಹೊಸ ಪ್ರತಿ ಬರೆಯುತ್ತದೆ, ಅದು ಬೇರೆ ಜಾಗದಲ್ಲಿ ಕೂರಬಹುದು. ಮೊದಲು ಇಷ್ಟು ಮಾಡಿ:

ಆರ್ಡರ್ ಬೈ ದಿನಾಂಕ ಡೆಸ್ಕ್, ಐಡಿ ಡೆಸ್ಕ್

ಐಡಿ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆ ಬೇರೆ ಇರುವ ಗುರುತು) ಆದ್ದರಿಂದ ಇನ್ನು ಎರಡು ಸಾಲು ಸರಿಸಮ ಆಗುವ ಪ್ರಶ್ನೆಯೇ ಇಲ್ಲ. ರೈತರ ದುಡ್ಡಿನ ಲೆಕ್ಕ ಇದು, ಇವತ್ತೇ ಬದಲಿಸಿ.

ನಿಧಾನದ ವಿಷಯ ಬೇರೆ. ಆಫ್‌ಸೆಟ್ 6,00,000 ಅಂದರೆ ಅಷ್ಟು ಸಾಲನ್ನೂ ಓದಿ, ಎಣಿಸಿ, ಬಿಸಾಕಿ, ಆಮೇಲೆ ನಿಮಗೆ 20 ಕೊಡುವುದು. ಇಂಡೆಕ್ಸ್ ಇದ್ದರೂ ಎಣಿಸುವ ಕೆಲಸ ತಪ್ಪುವುದಿಲ್ಲ. ಎಕ್ಸ್‌ಪ್ಲೇನ್ ಅನಲೈಸ್ (ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಆದೇಶ) ಹಾಕಿ ನೋಡಿ, ಲಿಮಿಟ್‌ನ ಕೆಳಗಿನ ಹಂತದಲ್ಲಿ ‘ರೋಸ್’ 6,00,020 ಅಂತ ಬರುತ್ತದೆ.

ಆಫ್‌ಸೆಟ್ ಕೈಬಿಡಿ. ಪುಟದ ಕೊನೆ ಸಾಲಿನ ದಿನಾಂಕ, ಐಡಿ ಎರಡನ್ನೂ ಇಟ್ಟುಕೊಂಡು ಅಲ್ಲಿಂದ ಮುಂದಕ್ಕೆ ಕೇಳಿ (ಜೋಡಿಯಾಗಿ ಹೋಲಿಸುವಾಗ ಮೊದಲು ದಿನಾಂಕ, ಅದು ಒಂದೇ ಆದರೆ ಐಡಿ ನೋಡುತ್ತದೆ):

ಸೆಲೆಕ್ಟ್ * ಫ್ರಮ್ ಜಮೆ ವೇರ್ (ದಿನಾಂಕ, ಐಡಿ) < ('2024-03-11', 518730) ಆರ್ಡರ್ ಬೈ ದಿನಾಂಕ ಡೆಸ್ಕ್, ಐಡಿ ಡೆಸ್ಕ್ ಲಿಮಿಟ್ 21

(ದಿನಾಂಕ, ಐಡಿ) ಎರಡಕ್ಕೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ. ಡೆಸ್ಕ್ ಅಂತ ಬೇರೆ ಹಾಕಬೇಕಿಲ್ಲ, ಪೋಸ್ಟ್‌ಗ್ರೆಸ್ ಇಂಡೆಕ್ಸನ್ನು ಹಿಂದಿನಿಂದಲೂ ಓದುತ್ತದೆ. 21 ಕೇಳಿದ್ದು ಯಾಕೆಂದರೆ, 21ನೆಯದು ಬಂದರೆ ಮುಂದಿನ ಪುಟ ಇದೆ ಎಂದರ್ಥ. ಒಟ್ಟು ಎಷ್ಟು ಪುಟ ಅಂತ ತಿಳಿಯಲು ಪ್ರತಿ ಸಲ ಕೌಂಟ್ ಹಾಕುತ್ತಿದ್ದರೆ ಅದನ್ನೂ ತೆಗೆಯಿರಿ, ಅದಕ್ಕೂ 8 ಲಕ್ಷ ಎಣಿಸಬೇಕು.

ಇನ್ನೊಂದು ಲಾಭ: ನೀವು ಪುಟ ತಿರುವುವಾಗಲೇ ಆ ಕಡೆ ಸಂಜೆ ಹಾಲು ಎಂಟ್ರಿ ಆಗುತ್ತಿದ್ದರೂ ಸಾಲುಗಳು ಕೆಳಕ್ಕೆ ಸರಿದು ಎರಡೆರಡು ಸಲ ಕಾಣುವುದಿಲ್ಲ. ಆಫ್‌ಸೆಟ್‌ನಲ್ಲಿ ಐಡಿ ಸೇರಿಸಿದರೂ ಆ ತೊಂದರೆ ಉಳಿಯುತ್ತಿತ್ತು.

ತುಂತುರು:
ಮೈಎಸ್‌ಕ್ಯುಎಲ್ ಡೇಟಾಬೇಸ್ ಬಳಸುವವರು ಗಮನಿಸಿ. ಈ ಜೋಡಿ ಹೋಲಿಕೆ ಅಲ್ಲಿಯೂ ಓಡುತ್ತದೆ, ಆದರೆ ಇಂಡೆಕ್ಸನ್ನು ಸರಿಯಾಗಿ ಹಿಡಿಯುವುದಿಲ್ಲ. ಬಿಡಿಸಿ ಬರೆಯಿರಿ: ದಿನಾಂಕ <= ಕೊನೆದಿನಾಂಕ ಆ್ಯಂಡ್ (ದಿನಾಂಕ < ಕೊನೆದಿನಾಂಕ ಆರ್ ಐಡಿ < ಕೊನೆಐಡಿ). ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಜೋಡಿ ಹೋಲಿಕೆಯೇ ಇಲ್ಲ, ಅಲ್ಲೂ ಹೀಗೇ.

ಡೇರಿಲೆಕ್ಕ:
ವೇಗ ಈಗ ಎಲ್ಲ ಪುಟಕ್ಕೂ ಒಂದೇ. ಕೆರೆದಂಡೆ ಅವರೇ, ದೊಡ್ಡ ಉಪಕಾರ. ಆದರೆ ಹೊಸದೊಂದು ತೊಂದರೆ: ‘ಮುಂದೆ’ ಒತ್ತಿದರೆ 11ನೇ ತಾರೀಖಿನ ಉಳಿದ ಎಂಟ್ರಿಗಳನ್ನು ಬಿಟ್ಟು ಸೀದಾ 10ಕ್ಕೆ ಹಾರುತ್ತದೆ. ಸರ್ವರ್ ನೋಡ್‌ನಲ್ಲಿದೆ, (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಕೊನೆ ಸಾಲಿನ ದಿನಾಂಕವನ್ನು ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ಮಾಡಿ ಬ್ರೌಸರ್‌ಗೆ ಕಳಿಸಿ ವಾಪಸ್ ಪಡೆಯುತ್ತೇನೆ.

ಕೆರೆದಂಡೆ:
ಜೇಸನ್‌ನಲ್ಲಿ ಏನು ಹೋಗುತ್ತಿದೆ, ಹಾಗೇ ಅಂಟಿಸಿ.

ಡೇರಿಲೆಕ್ಕ:
2024-03-10ಟಿ18:30:00.000ಝಡ್

ಕೆರೆದಂಡೆ:
ನೋಡಿ, 10 ಆಗಿಬಿಟ್ಟಿದೆ. ನೋಡ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಡೇಟ್ ಕಾಲಮನ್ನು ಜಾವಾಸ್ಕ್ರಿಪ್ಟ್ ಡೇಟ್ ಆಗಿ ಮಾಡುತ್ತದೆ, ನಿಮ್ಮ ಸರ್ವರ್ ಇರುವ ಸಮಯವಲಯದ ಮಧ್ಯರಾತ್ರಿಗೆ. ನಮ್ಮದು ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) 5:30 ಗಂಟೆ ಮುಂದೆ. ಜೇಸನ್ ಮಾಡುವಾಗ ಅದು ಯುಟಿಸಿಗೆ ತಿರುಗಿ ಹಿಂದಿನ ದಿನ ಸಂಜೆ 6:30 ಆಗುತ್ತದೆ. ವಾಪಸ್ ಬಂದದ್ದನ್ನು ಪೋಸ್ಟ್‌ಗ್ರೆಸ್ ದಿನಾಂಕವಾಗಿ ಓದುವಾಗ ಗಂಟೆ ಬಿಟ್ಟು 10 ಅಂತಲೇ ತೆಗೆದುಕೊಳ್ಳುತ್ತದೆ. ಕ್ವೆರಿಯಲ್ಲೇ ದಿನಾಂಕ::ಟೆಕ್ಸ್ಟ್ ಅಂತ ಇನ್ನೊಂದು ಕಾಲಂ ತರಿಸಿ, ಅದನ್ನೇ ಕಳಿಸಿ. ಮಧ್ಯದಲ್ಲಿ ಡೇಟ್ ಆಬ್ಜೆಕ್ಟ್ ಆಗಲೇಬಾರದು.

ಟೈಮ್‌ಸ್ಟ್ಯಾಂಪ್ ಕಾಲಂ ಇದ್ದರೂ ಇದೇ ಮದ್ದು. ಅಲ್ಲಿ ಸೆಕೆಂಡಿನ ನಂತರ 6 ಅಂಕಿ ಇರುತ್ತವೆ, ಜಾವಾಸ್ಕ್ರಿಪ್ಟ್ ಡೇಟ್ ಹಿಡಿಯುವುದು 3 ಮಾತ್ರ.

ಡೇರಿಲೆಕ್ಕ:
ಟೆಕ್ಸ್ಟ್ ಮಾಡಿದೆ, 11ರ ಎಂಟ್ರಿಗಳೆಲ್ಲ ಬಂದವು. ಕಾರ್ಯದರ್ಶಿಗೆ ಮಾತ್ರ ‘ಹಿಂದೆ’ ಬಟನ್ನೂ ಬೇಕು, 300ನೇ ಪುಟಕ್ಕೆ ನೇರ ಹೋಗುವುದೂ ಬೇಕು.

ಕೆರೆದಂಡೆ:
‘ಹಿಂದೆ’ಗೆ ಪುಟದ ಮೊದಲ ಸಾಲು ಹಿಡಿದು > ಹಾಕಿ, ದಿನಾಂಕ, ಐಡಿ ಎರಡನ್ನೂ ಏರಿಕೆ ಕ್ರಮದಲ್ಲಿ ತರಿಸಿ, 21 ಬಂದರೆ ಕೊನೆಯದನ್ನು ಬಿಟ್ಟು, ಉಳಿದದ್ದನ್ನು ತಿರುಗಿಸಿ ತೋರಿಸಿ. 300ನೇ ಪುಟಕ್ಕೆ ನೇರವಾಗಿ ಹಾರಲು ಇದರಲ್ಲಿ ಆಗುವುದಿಲ್ಲ. ಆದರೆ ಅವರು ಹುಡುಕುತ್ತಿರುವುದು ಬಹುಶಃ ಯಾವುದೋ ಒಂದು ಬಟವಾಡೆಯ ದಿನಗಳನ್ನು. ತಾರೀಖು ಆರಿಸುವ ಬಾಕ್ಸ್ ಕೊಡಿ, ವೇರ್ ದಿನಾಂಕ <= ಆರಿಸಿದ್ದು ಅಂತ ಶುರು ಮಾಡಿ, ಅಲ್ಲಿಂದ ಮುಂದೆ-ಹಿಂದೆ ಎರಡೂ ಇದೇ ರೀತಿ ನಡೆಯುತ್ತವೆ.