ಮೂರು ತಿಂಗಳ ಮಗು, ಶಿರಸಿಯಿಂದ ಬೆಂಗಳೂರು: ಬಸ್ಸಾ, ರೈಲಾ, ಕಾರಾ?

ಪುಟ್ಟಿಯ ಆಯಿ

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ ಶಿರಸಿ ಹತ್ತಿರದ ತವರುಮನೆಗೆ ಬಂದಿದ್ದೇನೆ. ಮಗಳಿಗೆ ಈಗ ಮೂರು ತಿಂಗಳು ತುಂಬಿದೆ. ಸಿಸೇರಿಯನ್ ಆಗಿತ್ತು, ಗಾಯ ಚೆನ್ನಾಗಿ ಒಣಗಿದೆ, ಆದರೆ ಜಾಸ್ತಿ ಹೊತ್ತು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ.

ಇನ್ನು ಬೆಂಗಳೂರಿಗೆ ಹೋಗೋಣ ಅಂತ ನನ್ನ ಮನಸ್ಸು. ನಮ್ಮನೆಯವರು ಅಲ್ಲಿ ಒಬ್ಬರೇ ಇದ್ದಾರೆ. ರಜೆ ಸಿಕ್ಕಾಗ ರಾತ್ರಿ ಬಸ್ಸು ಹತ್ತಿ ಬರುತ್ತಾರೆ, ಮಗಳು ಅವರ ಕೈಗೆ ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗಿರುತ್ತದೆ. ನನ್ನ 26 ವಾರದ ಹೆರಿಗೆ ರಜೆ ಮುಗಿಯುವುದರೊಳಗೆ ಅಲ್ಲಿನ ದಿನಚರಿಗೆ ನಾವು ಮೂವರೂ ಒಗ್ಗಿಕೊಳ್ಳಬೇಕು. ಸಾಲದ್ದಕ್ಕೆ ಇಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸುತ್ತಿದ್ದೇವೆ, ಎಲ್ಲದಕ್ಕೂ ಹೊಗೆ ವಾಸನೆ, ಆದರೂ ಅಂಚು ಇನ್ನೂ ಹಸಿ ಹಸಿ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾಲ್ಕನೇ ತಿಂಗಳಲ್ಲಿ ಕಳಿಸುವ ಪದ್ಧತಿ ಇಲ್ಲ, ಐದು ಬೀಳಲಿ ಅನ್ನುತ್ತಾಳೆ ಆಯಿ (ನನ್ನ ಅಮ್ಮ). ಅತ್ತೆ ಕಾರು ಮಾಡಿಕೊಂಡು ಬಂದುಬಿಡಿ ಅನ್ನುತ್ತಾರೆ. ನಮ್ಮನೆಯವರಿಗೆ ಸ್ಲೀಪರ್ ಬಸ್ಸೇ ಸುಲಭ ಅಂತ, ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ನನಗೆ ಮಾತ್ರ ಬಸ್ಸಿನಲ್ಲಿ ಮಗು ಅತ್ತರೆ ಏನು ಮಾಡಲಿ ಅಂತ ಹೆದರಿಕೆ. 14ನೇ ವಾರದ ಚುಚ್ಚುಮದ್ದು ಬೇರೆ ಮುಂದಿನ ವಾರ ಇದೆ. ಅದನ್ನು ಹಾಕಿಸಿಕೊಂಡು ಹೊರಡುವುದಾ, ಅಲ್ಲಿ ಹೋಗಿ ಹಾಕಿಸುವುದಾ? ದಾರಿಗೆ ಒಂದು ಬಾಟಲಿ ಪುಡಿ ಹಾಲು ಇರಲಿ ಅನ್ನುತ್ತಿದ್ದಾರೆ, ಇಲ್ಲಿಯವರೆಗೆ ಎದೆಹಾಲು ಬಿಟ್ಟು ಏನೂ ಕೊಟ್ಟಿಲ್ಲ. ಪುಟ್ಟ ಮಗು ಕಟ್ಟಿಕೊಂಡು ಓಡಾಡಿದವರು ದಯವಿಟ್ಟು ಹೇಳಿ.

ಸಾಗರದವಳು

ರೈಲು. ಎರಡನೇ ಮಾತೇ ಇಲ್ಲ. ಶಿರಸಿಗೆ ರೈಲಿಲ್ಲ ಅಂತ ಎಲ್ಲರೂ ಬಸ್ಸನ್ನೇ ಯೋಚಿಸುತ್ತಾರೆ, ಆದರೆ ಸಿದ್ಧಾಪುರದ ಮೇಲೆ ತಾಳಗುಪ್ಪಕ್ಕೆ ಬಂದುಬಿಟ್ಟರೆ ಅಲ್ಲಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಬೆಂಗಳೂರಿನ ಮೇಲೇ ಹೋಗುತ್ತದೆ. ಅದು ಹೊರಡುವುದೇ ತಾಳಗುಪ್ಪದಿಂದ. ಇದು ಬಾಣಂತಿಗೆ ಎಷ್ಟು ದೊಡ್ಡ ಅನುಕೂಲ ಅಂತ ಹತ್ತಿದವರಿಗೇ ಗೊತ್ತು. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಮಗು, ಬ್ಯಾಗು, ಕೊಡೆ ಹಿಡಿದು ಬೋಗಿ ಹುಡುಕುತ್ತಾ ಓಡುವ ಗೋಳಿಲ್ಲ. ಸ್ವಲ್ಪ ಮುಂಚೆ ಹೋಗಿ, ನಿಧಾನಕ್ಕೆ ಹತ್ತಿ, ಹಾಸಿಕೊಂಡು, ಹಾಲು ಕುಡಿಸಿ ಮುಗಿಸಬಹುದು. ಒಂದೇ ತೊಂದರೆ, ಬೆಂಗಳೂರಿಗೆ ಮುಟ್ಟುವುದು ಬೆಳಗಿನ ಜಾವ. ಯಜಮಾನರು ಸ್ಟೇಷನ್ನಿಗೆ ಬಂದು ಕಾಯಲಿ.

ಟಿಕೆಟ್ ಬಗ್ಗೆ ಎರಡು ಮಾತು. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬೇರೆ ಬರ್ತ್ ಕೂಡ ಸಿಗುವುದಿಲ್ಲ, ನಿಮ್ಮ ಜೊತೆಗೇ ಮಲಗಬೇಕು. ಹಾಗಾಗಿ ಕೆಳಗಿನ ಬರ್ತ್ ಬೇಕೇ ಬೇಕು. ಆಯಿಗೆ 45 ದಾಟಿರುತ್ತದಲ್ವಾ? ಅವರನ್ನೂ ಕರೆದುಕೊಂಡು ಹೊರಡಿ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಆದರೆ ಅದೇ ಟಿಕೆಟ್ಟಿನಲ್ಲಿ ವಯಸ್ಸು ಕಡಿಮೆ ಇರುವವರು ಸೇರಿದರೆ ಆ ಕೋಟಾ ಸಿಗುವುದಿಲ್ಲ. ಆಯಿಯ ಟಿಕೆಟ್ ಬೇರೆಯೇ ಮಾಡಿಸಿ, ಅವರಿಗೆ ಸಿಕ್ಕ ಕೆಳಗಿನ ಬರ್ತಿನಲ್ಲಿ ನೀವು ಮಲಗಿ. 2ಎಸಿ ಸಿಕ್ಕರೆ ಇನ್ನೂ ಒಳ್ಳೆಯದು, ಪರದೆ ಇರುತ್ತದೆ, ಎಳೆದುಕೊಂಡು ಹಾಲು ಕೊಡುವಾಗ ಯಾರ ಕಡೆಗೂ ನೋಡಬೇಕಾಗಿಲ್ಲ. ಸೈಡ್ ಲೋಯರ್ ಬೇಡ, ಓಡಾಡುವವರ ಬ್ಯಾಗು ತಾಗುತ್ತದೆ.

ಮಗುವನ್ನು ಗೋಡೆ ಕಡೆ, ಅಂಗಾತ ಮಲಗಿಸಿ. ನೀವು ಹೊರಗಡೆ. ಕೆಲವರು ಮೇಲಿನ ಎರಡು ಬರ್ತಿಗೆ ಸೀರೆ ಕಟ್ಟಿ ಜೋಲಿ ಮಾಡುತ್ತಾರೆ, ಮಗು ಸುಖವಾಗಿ ನಿದ್ದೆ ಮಾಡುತ್ತದೆ ನಿಜ, ಆದರೆ ರೈಲು ಗಕ್ಕನೆ ಬ್ರೇಕ್ ಹಾಕಿದರೆ ಅದು ಎಲ್ಲಿಗೆ ಹೋಗಿ ಬಡಿಯುತ್ತದೋ. ಅದನ್ನು ಮಾತ್ರ ಮಾಡಬೇಡಿ.

ನರ್ಸಕ್ಕ

ಚುಚ್ಚುಮದ್ದಿನ ವಿಷಯ ನಾನು ಹೇಳುತ್ತೇನೆ, ದಿನಾ ಮಾಡುವ ಕೆಲಸ. ಅಲ್ಲೇ ಹಾಕಿಸಿಕೊಂಡು, ಎರಡು ಮೂರು ದಿನ ಬಿಟ್ಟು ಹೊರಡಿ. 14ನೇ ವಾರಕ್ಕೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು), ಪೋಲಿಯೋ ಇಂಜೆಕ್ಷನ್, ಪಿಸಿವಿ (ನ್ಯುಮೋನಿಯಾ ತಡೆಗೆ) ಇರುತ್ತವೆ, ಜೊತೆಗೆ ಪೋಲಿಯೋ ಹನಿ ಮತ್ತು ಭೇದಿ ತಡೆಯುವ ರೋಟಾ ಹನಿ. ಪೆಂಟಾ ಹಾಕಿದ ಮೇಲೆ ಒಂದೆರಡು ದಿನ ಜ್ವರ, ತೊಡೆ ಊತ, ಕಿರಿಕಿರಿ ಸಾಮಾನ್ಯ. ಆ ನೋವಿನಲ್ಲಿರುವ ಮಗುವನ್ನು ರಾತ್ರಿಯಿಡೀ ಅಲುಗಾಡಿಸಿಕೊಂಡು ಹೋಗುವುದು ಯಾಕೆ? ಜ್ವರದ ಹನಿ ಮಗುವಿನ ತೂಕ ನೋಡಿ ಕೊಡುವಂಥದ್ದು. ಎಷ್ಟು ಅಂತ ಚುಚ್ಚುಮದ್ದು ಹಾಕಿದ ಕಡೆಯೇ ಬರೆಸಿಕೊಳ್ಳಿ, ಪಕ್ಕದ ಮನೆ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಬೇಡ. ಏನಾದರೂ ಕಾರಣಕ್ಕೆ ಅಲ್ಲಿ ಹಾಕಿಸಲು ಆಗದಿದ್ದರೆ ತಾಯಿ ಕಾರ್ಡ್ ತೆಗೆದುಕೊಂಡು ಬೆಂಗಳೂರಿನ ಯಾವ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಹಾಕುತ್ತಾರೆ. ಆ ಕಾರ್ಡನ್ನು ದೊಡ್ಡ ಬ್ಯಾಗಿನ ತಳಕ್ಕೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ಪುಡಿ ಹಾಲು ಬೇಡ. ಮಗುವಿಗೆ ಹಾಲು ಸಾಕಾಗುತ್ತಿದೆ, ತೂಕ ಏರುತ್ತಿದೆ ಅಂತಾದರೆ ಒಂದು ರಾತ್ರಿಯ ಪ್ರಯಾಣಕ್ಕೆ ಅದನ್ನು ಶುರು ಮಾಡುವ ಅಗತ್ಯವೇ ಇಲ್ಲ. ಬಾಟಲಿ ಕುದಿಸಬೇಕು, ಕಾದಾರಿದ ನೀರು ಬೇಕು, ಉಳಿದದ್ದು ಚೆಲ್ಲಬೇಕು. ದಾರಿಯಲ್ಲಿ ಇದೆಲ್ಲ ಚೊಕ್ಕಟವಾಗಿ ಆಗುವ ಮಾತಲ್ಲ, ಹೊಟ್ಟೆ ಕೆಡುವುದು ಹೀಗೇ. 6 ತಿಂಗಳವರೆಗೆ ನೀರೂ ಬೇಡ. ಹೊರಡುವಾಗ ಬಜೆ ತೇಯ್ದು ನೆಕ್ಕಿಸುವುದು, ಜೇನು ಮುಟ್ಟಿಸುವುದು ಇವೂ ಬೇಡ. ಜೇನಂತೂ 1 ವರ್ಷ ತುಂಬುವವರೆಗೆ ಅಪಾಯ. ಹಿರಿಯರಿಗೆ ಬೇಜಾರಾದರೆ ಡಾಕ್ಟರ ಮೇಲೆ ಹಾಕಿಬಿಡಿ.

ಎಸಿಯಲ್ಲಿ ಮಗುವಿಗೆ ಟೋಪಿ, ಒಂದು ಪದರ ಜಾಸ್ತಿ ಬಟ್ಟೆ ಸಾಕು. ಕೈಕಾಲು ತಣ್ಣಗಿದೆ ಅಂತ ಗಾಬರಿಯಾಗಿ ಕಂಬಳಿಯಲ್ಲಿ ಸುತ್ತಿ ಸುತ್ತಿ ಇಡುತ್ತಾರೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಿದ್ದರೆ ಮಗು ಸರಿಯಾಗಿದೆ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಇನ್ನು ನೀವು ನೀರು ಕುಡಿಯಿರಿ. ಟಾಯ್ಲೆಟ್ಟಿಗೆ ಹೋಗುವುದು ಕಷ್ಟ ಅಂತ ಬಾಯಿ ಒಣಗಿಸಿಕೊಂಡು ಕೂರುವ ತಾಯಂದಿರನ್ನು ತುಂಬಾ ನೋಡಿದ್ದೇನೆ, ಮನಸ್ಸಿಗೆ ಸಂಕಟ ಆಗುತ್ತದೆ.

ಇಬ್ಬರು ಮಕ್ಕಳ ಅಪ್ಪ

ಕಾರಿನ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು. ಕಾರು ಕೆಟ್ಟದ್ದಲ್ಲ, ಬೇಕಾದಲ್ಲಿ ನಿಲ್ಲಿಸಬಹುದು, ಅದೇ ದೊಡ್ಡ ಲಾಭ. ಆದರೆ ಶಿರಸಿಯಿಂದ ಬೆಂಗಳೂರು ಹೆಚ್ಚುಕಡಿಮೆ 400 ಕಿಲೋಮೀಟರ್. ಮಗು ಇದ್ದರೆ ಇಡೀ ಹಗಲು ಬೇಕು. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ಬೆನ್ನು ಸಡಿಲ ಮಾಡಬೇಕು. ಸೊಂಟ ನೋಯುವ ನಿಮಗೆ ಇದು ಕಷ್ಟ ಅನಿಸುತ್ತದೆ. ಹಾಗೂ ಕಾರೇ ಅಂತಾದರೆ ಮಕ್ಕಳ ಸೀಟು ತೆಗೆದುಕೊಳ್ಳಿ, ಹಿಂದಕ್ಕೆ ಮುಖ ಮಾಡಿ ಕೂರಿಸುವಂಥದ್ದು, ಹಿಂದಿನ ಸೀಟಿಗೆ ಬೆಲ್ಟಿನಲ್ಲಿ ಬಿಗಿಯುವಂಥದ್ದು. ತಾಯಿ ಮಡಿಲಿಗಿಂತ ಭದ್ರ ಯಾವುದು ಅಂತ ನಮ್ಮ ಮನೆಯಲ್ಲೂ ವಾದ ಆಗಿದೆ. ಆದರೆ ಗಾಡಿ ವೇಗದಲ್ಲಿ ಗುದ್ದಿದರೆ ಎಂಥಾ ಗಟ್ಟಿ ಕೈಯೂ ಮಗುವನ್ನು ಹಿಡಿದಿಟ್ಟುಕೊಳ್ಳಲಾರದು. ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಮಗು ಅಂತೂ ಖಂಡಿತಾ ಬೇಡ, ಏರ್‌ಬ್ಯಾಗ್ ತೆರೆದುಕೊಂಡರೆ ಅದೇ ಮಗುವಿನ ಜೀವಕ್ಕೆ ಕುತ್ತು.

ಸ್ಲೀಪರ್ ಬಸ್ಸು ನನಗೂ ಇಷ್ಟ ಇಲ್ಲ. ಎಸಿ ಗಾಳಿ ನೇರ ಮುಖಕ್ಕೆ, ಡಯಾಪರ್ ಬದಲಿಸಲು ಕೂರುವಷ್ಟು ಎತ್ತರವೂ ಇರುವುದಿಲ್ಲ, ನಿಲ್ಲಿಸಿ ಅಂದ ಕಡೆ ನಿಲ್ಲಿಸುವುದಿಲ್ಲ, ತಿರುವಿನಲ್ಲಿ ಮೈ ಆ ಕಡೆ ಈ ಕಡೆ ಉರುಳುತ್ತದೆ.

ಪುಟ್ಟಿಯ ಆಯಿ

ಎಲ್ಲರಿಗೂ ತುಂಬಾ ಧನ್ಯವಾದ. ನರ್ಸಕ್ಕ ಬರೆದದ್ದನ್ನು ಆಯಿಗೆ ಓದಿ ಹೇಳಿದೆ. ಪುಡಿ ಹಾಲಿನ ಮಾತು ಅಲ್ಲಿಗೇ ನಿಂತಿತು. ನಾನೂ ನಿನ್ನ ಜೊತೆ ಬರುವುದು ಅಂತಾದರೆ ನಾಲ್ಕನೇ ತಿಂಗಳಾದರೂ ಅಡ್ಡಿಯಿಲ್ಲ ಅಂದಳು. ಇಷ್ಟು ದಿನ ಪದ್ಧತಿ ಪದ್ಧತಿ ಅಂದದ್ದರ ಹಿಂದೆ ಇದ್ದದ್ದು ನನ್ನೊಬ್ಬಳನ್ನೇ ಹೇಗೆ ಕಳಿಸುವುದು ಅನ್ನುವ ಚಿಂತೆ ಅಂತ ಕಾಣುತ್ತದೆ. ತಾಳಗುಪ್ಪದ ರೈಲಿಗೆ ಟಿಕೆಟ್ ನೋಡುತ್ತಿದ್ದೇವೆ.

ಇನ್ನೊಂದು ವಿಷಯ, ಇಲ್ಲೇ ಕೇಳಿಬಿಡುತ್ತೇನೆ. ಆಯಿ ಸ್ವಲ್ಪ ದಿನ ಇದ್ದು ವಾಪಸ್ ಹೋಗುತ್ತಾಳೆ, ತೋಟ ದನ ಎಲ್ಲ ಇದೆ. ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಮೂರನೇ ಮಹಡಿಯ ಆ ಮನೆಯಲ್ಲಿ ನಾನು ಮತ್ತು ಮಗು ಇಬ್ಬರೇ. ಇಲ್ಲಿ ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈ. ಅಲ್ಲಿನದ್ದು ನೆನೆಸಿಕೊಂಡರೆ ಅಳು ಬರುತ್ತದೆ. ಹೋಗಬೇಕು ಅಂತಲೂ ಇದೆ, ಹೆದರಿಕೆಯೂ ಇದೆ. ಎಲ್ಲರಿಗೂ ಹೀಗೇ ಆಗುತ್ತಾ?

ಮಲ್ಲೇಶ್ವರದ ಅಜ್ಜಿ

ಆಗುತ್ತಮ್ಮ, ಬಹಳ ಜನಕ್ಕೆ ಆಗುತ್ತದೆ. ನನ್ನ ಸೊಸೆ ಕೂಡ ತವರಿನಿಂದ ಬಂದ ಹೊಸತರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ನೆ ಕಣ್ಣೀರು ಹಾಕುತ್ತಿದ್ದಳು. ಹೋದ ಮೊದಲ ವಾರವೇ ಕೆಲಸಕ್ಕೆ ಒಬ್ಬರನ್ನು ನೋಡಿಕೊಳ್ಳಿ. ಮಗು ನೋಡಲು ಅಂತಲ್ಲ, ಪಾತ್ರೆ ಬಟ್ಟೆಗೆ. ಮಗುವನ್ನು ನೀವು ನೋಡಿಕೊಳ್ಳುತ್ತೀರಿ, ಉಳಿದ ಕೆಲಸವೇ ಬಾಣಂತಿಯನ್ನು ಹಣ್ಣು ಮಾಡುವುದು. ರಾತ್ರಿ ಒಂದು ಸಲ ಎದ್ದು ಮಗುವಿನ ಬಟ್ಟೆ ಬದಲಿಸಿ ತೇಗಿಸಿ ಮಲಗಿಸುವುದು ನಿಮ್ಮ ಯಜಮಾನರ ಕೆಲಸ ಅಂತ ಮೊದಲ ದಿನವೇ ಆಗಿಬಿಡಲಿ, ಆಮೇಲೆ ಹೇಳಿದರೆ ಅಭ್ಯಾಸ ಆಗುವುದಿಲ್ಲ. ಸಂಜೆ ಮಗುವನ್ನು ಎತ್ತಿಕೊಂಡು ಕೆಳಗಿಳಿಯಿರಿ, ಅಪಾರ್ಟ್‌ಮೆಂಟಿನಲ್ಲಿ ಮಗು ಇರುವ ಇನ್ನೊಬ್ಬಳು ತಾಯಿ ಸಿಕ್ಕೇ ಸಿಗುತ್ತಾಳೆ.

ನರ್ಸಕ್ಕ

ಅಜ್ಜಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ಅಳು ಬರುವುದು ಬೇರೆ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಅದು ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು. ಅದಕ್ಕೆ ಔಷಧಿ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದಂಥದ್ದೂ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಮಗುವಿಗೋ ನಿಮಗೋ ಏನಾದರೂ ಮಾಡಿಕೊಳ್ಳಬೇಕು ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ ವಾರ ಕಾಯಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಸಾಗರದವಳು

ಮತ್ತೆ ನಾನೇ. ಕೆಲಸಕ್ಕೆ ವಾಪಸ್ ಹೋಗುವ ಮುಂಚೆ ನಿಮ್ಮ ಕಂಪನಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಏನಿದೆ ಅಂತ ಈಗಲೇ ಇಮೇಲ್ ಹಾಕಿ ಕೇಳಿ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಟಿಕೆಟ್ ಆಯಿತಾ? ಸಿದ್ಧಾಪುರದ ಮೇಲೆ ಬರುವಾಗ ಮಳೆ ಜೋರಿದ್ದರೆ ಒಂದು ಗಂಟೆ ಮುಂಚೆಯೇ ಮನೆ ಬಿಡಿ.