ನಾಣ್ಯ ಓದ್ತಿದ್ದ ಮನುಷ್ಯನನ್ನ ಲೇಬರ್ ಕ್ಯಾಂಪಿಗೆ ಹಾಕಿದ್ದು ಯಾಕೆ? (ಹರ್ಮಿಟೇಜಿನ ರೋಮನ್ ಫಾಸ್ಮರ್)

ಆನೆಕಾಸು:
ಎಲ್ರಿಗೂ ನಮಸ್ಕಾರ. ನಂದು ಮೈಸೂರು ಆನೆ ಕಾಸು, ವಿಜಯನಗರದ ವರಹ ಇಷ್ಟರದ್ದೇ ಹುಚ್ಚು, ಈಚೆಗೆ ಯಾಕೋ ರಷ್ಯಾದ ನೆಲದಲ್ಲಿ ಕೊಡಗಟ್ಟಲೆ ಸಿಕ್ಕಿರೋ ಅರಬ್ ಬೆಳ್ಳಿ ನಾಣ್ಯಗಳ ಬಗ್ಗೆ ಓದೋಕೆ ಶುರು ಮಾಡ್ದೆ. ಯಾವ ಲೇಖನ ತೆಗೆದ್ರೂ ಅಡಿಟಿಪ್ಪಣಿಯಲ್ಲಿ ಫಾಸ್ಮರ್ ಫಾಸ್ಮರ್ ಅಂತ ಒಂದೇ ಹೆಸರು, ಆದ್ರೆ 1933 ಆದ್ಮೇಲೆ ಆ ಮನುಷ್ಯ ಬರೆದಿದ್ದು ಏನೂ ಕಾಣಲ್ಲ. ಹುಡುಕಿದ್ರೆ 1934ರಲ್ಲಿ ಲೆನಿನ್‌ಗ್ರಾಡಲ್ಲಿ ಅರೆಸ್ಟ್, 1938ರಲ್ಲಿ ಸಾವು ಅಂತ ಬಂತು. ಸಾವಿರ ವರ್ಷದ ಹಿಂದೆ ಯಾರೋ ಹೂತಿಟ್ಟ ದುಡ್ಡನ್ನ ಓದೋನಿಂದ ಸ್ಟಾಲಿನ್ ಸರ್ಕಾರಕ್ಕೆ ಏನು ತೊಂದ್ರೆ ಆಗ್ತಿತ್ತು? ರಷ್ಯನ್ ಎಟಿಮಾಲಜಿ (ಪದಗಳ ಮೂಲ ಹೇಳೋ) ಡಿಕ್ಷನರಿ ಮಾಡಿದ ಫಾಸ್ಮರ್ ಇವ್ರೇನಾ? ಗೊತ್ತಿದ್ದೋರು ಸ್ವಲ್ಪ ಹೇಳಿ.

ಟಂಕಸಾಲೆ:
ಡಿಕ್ಷನರಿಯವ್ರು ಅಣ್ಣ ಮ್ಯಾಕ್ಸ್, ನಿಮ್ಮವ್ರು ತಮ್ಮ ರೋಮನ್, 1888ರಲ್ಲಿ ಹುಟ್ಟಿದವ್ರು. ಪೀಟರ್ಸ್‌ಬರ್ಗಲ್ಲೇ (ಆಮೇಲೆ ಲೆನಿನ್‌ಗ್ರಾಡ್ ಅಂತಾದ ಊರು) ನೆಲೆಸಿದ್ದ ಜರ್ಮನ್ ಮನೆತನ. ಕ್ರಾಂತಿ ಆದ್ಮೇಲೆ ಅಣ್ಣ ದೇಶ ಬಿಟ್ಟು ಕೊನೆಗೆ ಬರ್ಲಿನ್ ಯೂನಿವರ್ಸಿಟಿ ಸೇರಿದ್ರು, ತಮ್ಮ ಹರ್ಮಿಟೇಜ್ ಮ್ಯೂಸಿಯಮ್ಮಿನ ಪೂರ್ವದೇಶದ ನಾಣ್ಯಗಳ ಜೊತೆ ಅಲ್ಲೇ ಉಳ್ಕೊಂಡ್ರು.

ಕೆಲಸ ಏನು ಅಂತ ಗೊತ್ತಾದ್ರೆ ಮಿಕ್ಕಿದ್ದು ಅರ್ಥ ಆಗುತ್ತೆ. ಈ ದಿರ್ಹಮ್ ಅನ್ನೋದು ತೆಳ್ಳಗಿನ ಬೆಳ್ಳಿ ಬಿಲ್ಲೆ, ಸುಮಾರು 3 ಗ್ರಾಂ, ಅದ್ರ ಮೇಲೆ ರಾಜನ ಮುಖ ಇಲ್ಲ ಆನೆ ಕುದುರೆ ಏನೂ ಇಲ್ಲ, ಎರಡೂ ಕಡೆ ಬರೀ ಕೂಫಿ ಲಿಪಿ, ಅಂದ್ರೆ ಹಳೇ ಥರದ ಅರಬ್ಬಿ ಬರಹ. ಅಂಚಲ್ಲಿ ಸುತ್ತಲೂ ದೇವರ ಹೆಸರಲ್ಲಿ ಈ ದಿರ್ಹಮ್ ಇಂಥ ಊರಲ್ಲಿ ಇಂಥ ವರ್ಷ ಹೊಡೆದದ್ದು ಅಂತ ಇರುತ್ತೆ, ವರ್ಷವನ್ನ ಅಂಕಿಯಲ್ಲಿ ಹಾಕಲ್ಲ, ಅಕ್ಷರದಲ್ಲೇ ಬರೀತಾರೆ. ವೈಕಿಂಗ್ ವ್ಯಾಪಾರಿಗಳಿಗೆ ಓದು ಬೇಕಿರ್ಲಿಲ್ಲ, ತೂಕ ಸಾಕಿತ್ತು, ಅದಕ್ಕೇ ಕತ್ತರಿಸಿ ತುಂಡು ಮಾಡಿ ತಕ್ಕಡಿಗೆ ಹಾಕ್ತಿದ್ರು. ಆ ಕಾಲು ಭಾಗದ ತುಂಡಲ್ಲಿ ಉಳಿದಿರೋ ಅರ್ಧ ಊರ ಹೆಸರು, ಒಂದು ಸಂಖ್ಯೆಯ ಬಾಲ, ಅಷ್ಟನ್ನ ನೋಡಿ ಇದು ಬಾಗ್ದಾದಿಂದಾ ಬಲ್ಖ್‌ದಾ ಅಂತ ಹೇಳ್ಬೇಕು. ಒಂದು ನಿಧಿಯಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವ ವರ್ಷದ್ದೋ ಅದಾದ್ಮೇಲೆ ಹೂತಿದ್ದು ಅಂತ ಲೆಕ್ಕ. ಹೀಗೆ ಒಂದೊಂದೇ ನಿಧಿ ಸೇರಿಸಿ ಅರಬ್ ಬೆಳ್ಳಿ ಪೂರ್ವ ಯುರೋಪಿಗೆ ಯಾವ ಕಾಲದಲ್ಲಿ ಎಷ್ಟು ಹರಿದು ಬಂತು ಅಂತ ಕಾಲಘಟ್ಟ ಮಾಡಿ ತೋರಿಸಿದ್ದು ಇವ್ರು. 1956ರಲ್ಲಿ ಯಾನಿನ್ ಅನ್ನೋ ರಷ್ಯನ್ ವಿದ್ವಾಂಸರು ಅದನ್ನ ತಿದ್ದಿದ್ರು ನಿಜ, ಆದ್ರೆ ತಿದ್ದೋಕೆ ಮೊದ್ಲು ಒಬ್ರು ಬರೆದಿರ್ಬೇಕಲ್ವಾ.

ಈಗ ನಿಮ್ಮ ಪ್ರಶ್ನೆ. ನಾಣ್ಯದಿಂದ ತೊಂದ್ರೆ ಆಗಿದ್ದಲ್ಲ. 1933-34ರಲ್ಲಿ ಸ್ಲಾವ್ ವಿದ್ವಾಂಸರ ಕೇಸ್ ಅಂತ ಒಂದಾಯ್ತು, "ರಷ್ಯನ್ ನ್ಯಾಷನಲ್ ಪಾರ್ಟಿ" ಅನ್ನೋ ಇಲ್ಲದ ಪಕ್ಷವನ್ನ ಪೊಲೀಸರೇ ಕಟ್ಟಿ, ಅದರ ಹೆಡ್ ಆಫೀಸ್ ವಿದೇಶದಲ್ಲಿದೆ, ವಿಯೆನ್ನಾದಲ್ಲಿರೋ ಭಾಷಾಶಾಸ್ತ್ರಜ್ಞ ತ್ರುಬೆಟ್ಸ್‌ಕಾಯ್ ಅದರ ಲೀಡರ್ ಅಂತ ಕಥೆ ಬರೆದ್ರು. ಭಾಷೆಯವ್ರು, ಮ್ಯೂಸಿಯಂನವ್ರು ಗುಂಪು ಗುಂಪಾಗಿ ಸಿಕ್ಕಿಹಾಕ್ಕೊಂಡ್ರು. ಇಂಥ ಕಥೆಗೆ ಫಾಸ್ಮರ್ ಹೇಳಿ ಮಾಡಿಸಿದ ಹಾಗಿದ್ರು ನೋಡಿ, ಜರ್ಮನ್ ಹೆಸರು, ಅಣ್ಣ ಹಿಟ್ಲರನ ಬರ್ಲಿನಲ್ಲಿ ಪ್ರೊಫೆಸರ್, ಬೆಲಾರೂಸಿನ ಒಂದು ಹಳ್ಳಿಯ ನಿಧಿ ಬಗ್ಗೆ ಜರ್ಮನಲ್ಲಿ ಬರೆದದ್ದು 1929ರಲ್ಲಿ ಸ್ಟಾಕ್‌ಹೋಮಲ್ಲಿ ಪ್ರಿಂಟ್ ಆಗಿತ್ತು. ನಿಧಿಗಳು ಸ್ವೀಡನ್ನಲ್ಲೂ ಎಸ್ಟೋನಿಯಾದಲ್ಲೂ ಸಿಗ್ತಿದ್ರೆ ಅಲ್ಲಿಯವ್ರ ಜೊತೆ ಪತ್ರ ಬರೀದೆ ಈ ವಿದ್ಯೆ ನಡೆಯೋದಾದ್ರೂ ಹೇಗೆ?

ಲೇಬರ್ ಕ್ಯಾಂಪ್ ಶಿಕ್ಷೆ ಹಾಕಿ ಕಳಿಸಿದ್ದು ಎಲ್ಲಿಗೆ ಅಂದ್ರೆ ಮಧ್ಯ ಏಷ್ಯಾಕ್ಕೆ, ಪ್ರಾಣ ಬಿಟ್ಟಿದ್ದು ತಾಷ್ಕೆಂಟಲ್ಲಿ. ತಾಷ್ಕೆಂಟಿಗೆ ಹಳೇ ಹೆಸರು ಅಲ್ ಶಾಶ್, ಮಧ್ಯ ಏಷ್ಯಾ ಆಳ್ತಿದ್ದ ಸಾಮಾನಿ ಅಮೀರರ ದೊಡ್ಡ ಟಂಕಸಾಲೆ ಊರು, ರಷ್ಯಾದ ನಿಧಿಗಳಲ್ಲಿ ಅಲ್ಲಿ ಹೊಡೆದ ದಿರ್ಹಮ್ ರಾಶಿ ರಾಶಿ ಸಿಗುತ್ತೆ. ಆ ಊರ ಹೆಸರನ್ನ ಈ ಮನುಷ್ಯ ಎಷ್ಟು ಸಲ ಓದಿರ್ಬೇಕೋ.

ಸುಮ್ನೆ_ಓದೋಳು:
ಕೊನೇ ಪ್ಯಾರಾ ಓದಿ ಮೈ ಜುಮ್ಮಂತು 😞 ಅವ್ರೊಬ್ರೇನಾ ಅಥ್ವಾ ಡಿಪಾರ್ಟ್‌ಮೆಂಟಲ್ಲಿ ಬೇರೆಯವ್ರಿಗೂ ಹೀಗಾಯ್ತಾ?

ಟಂಕಸಾಲೆ:
@ಸುಮ್ನೆ_ಓದೋಳು ಆಯ್ತು ಮೇಡಂ. ನಿಕೊಲಾಯ್ ಬಾವರ್ ಅಂತ, ಹಳೇ ರಷ್ಯಾದ ಹಣದ ವ್ಯವಸ್ಥೆ ಬಗ್ಗೆ ಅವ್ರೇ ಅಥಾರಿಟಿ, 1942ರಲ್ಲಿ ಲೆನಿನ್‌ಗ್ರಾಡಿಗೆ ಜರ್ಮನ್ ಸೈನ್ಯ ಮುತ್ತಿಗೆ ಹಾಕಿದ್ದಾಗ ಸ್ವಂತ ಸರ್ಕಾರದವ್ರೇ ಹಿಡಿದು ಗುಂಡು ಹಾರಿಸಿದ್ರು. ಅವ್ರ ದೊಡ್ಡ ಹಸ್ತಪ್ರತಿ ಪುಸ್ತಕ ಆಗಿದ್ದು 2014ರಲ್ಲಿ! ಗ್ರೀಕ್ ನಾಣ್ಯದ ಜೋಗ್ರಾಫ್ ಅದೇ ವರ್ಷ ಮುತ್ತಿಗೆಯಲ್ಲಿ ತೀರಿಕೊಂಡ್ರು, ಪ್ರಾಚೀನ ನಾಣ್ಯಗಳ ಮೇಲಿನ ಅವ್ರ ಪುಸ್ತಕ 1951ರಲ್ಲಿ ಬಂತು. ಅವ್ರದ್ದು ಬೇರೆ ಥರದ ಸಾವು, ಎರಡನ್ನೂ ಒಂದೇ ಲಿಸ್ಟಿಗೆ ಸೇರಿಸಬಾರದು.

ಗದ್ಯಾಣ:
ನಾನು ಇನ್ನೊಂದು ಆಂಗಲ್ ಹೇಳ್ತೀನಿ. ಹಿಟ್ಲರ್ ಕಾಲದಲ್ಲಿ ಜರ್ಮನಿಯಿಂದ ಓಡಿಹೋದ ಯಹೂದಿ ನಾಣ್ಯತಜ್ಞರು ಎಲ್ಲಿ ಬದುಕಿದ್ರು ನೋಡಿ. ಹರ್ಬರ್ಟ್ ಕಾನ್ 1933ರಲ್ಲಿ ಫ್ರಾಂಕ್‌ಫರ್ಟ್ ಬಿಟ್ಟು ಬಾಸೆಲ್‌ಗೆ ಬಂದ್ರು, ಸಿಸಿಲಿಯ ನಾಕ್ಸೋಸ್ ನಾಣ್ಯಗಳ ಮೇಲೆ ಥೀಸಿಸ್ ಮಾಡಿದ್ರು, ಹೊಟ್ಟೆಪಾಡಿಗೆ ನಾಣ್ಯ ಮಾರೋ ಕಂಪನಿ. ಲಿಯೋ ಮಿಲ್ಡೆನ್‌ಬರ್ಗ್ ಕಾಸೆಲ್‌ನವ್ರು, ಓದೋಕೆ ಎಸ್ಟೋನಿಯಾಕ್ಕೆ ಹೋದ್ರೆ ಅಲ್ಲಿಗೆ ಸೋವಿಯತ್ ಬಂತು, ಕಜಕಸ್ತಾನಕ್ಕೆ ಸಾಗಿಸಿದ್ರು, ಅದೆಲ್ಲಾ ದಾಟಿ 1947ರಲ್ಲಿ ಜ್ಯೂರಿಕ್ ಸೇರಿ ಒಂದು ಬ್ಯಾಂಕಿನ ನಾಣ್ಯ ವಿಭಾಗ ನಡೆಸಿದ್ರು. ಬ್ಯಾಂಕ್ ಕೆಲಸದ ಮಧ್ಯೆಯೇ ಬಾರ್ ಕೊಖ್ಬಾ ದಂಗೆಯ (ರೋಮನ್ನರ ವಿರುದ್ಧ ಯಹೂದಿಗಳು ಎದ್ದದ್ದು) ನಾಣ್ಯಗಳ ಮೇಲೆ 1984ರಲ್ಲಿ ಪುಸ್ತಕ, ಇವತ್ತಿಗೂ ಅದನ್ನ ಬಿಟ್ಟು ಯಾರೂ ಮಾತಾಡಲ್ಲ. ಆ ನಾಣ್ಯಗಳೇ ಮಜಾ, ದಂಗೆಯವ್ರು ರೋಮನ್ ದಿನಾರಿಯಸ್ ಮೇಲೇ ತಮ್ಮ ಮುದ್ರೆ ಹೊಡೀತಿದ್ರು, ದ್ರಾಕ್ಷಿ ಗೊಂಚಲಿನ ಅಡಿಯಲ್ಲಿ ಚಕ್ರವರ್ತಿಯ ಮೂಗು ಗಡ್ಡ ಇನ್ನೂ ಇಣುಕ್ತಿರುತ್ತೆ.

ನಾನು ಹೇಳೋದು ಏನಂದ್ರೆ ಯೂನಿವರ್ಸಿಟಿ ಬಾಗಿಲು ಹಾಕಿದ್ರೂ ಈ ವಿದ್ಯೆಗೆ ಅಂಗಡಿ ಬಾಗಿಲು ಒಂದಿತ್ತು, ನಾಣ್ಯಕ್ಕೆ ಮಾರ್ಕೆಟ್ ಇರೋದ್ರಿಂದ ಅಸಲಿ ನಕಲಿ ಹೇಳೋನಿಗೆ ಸಂಬಳ ಕೊಡೋರು ಇದ್ರು, ಸಂಸ್ಕೃತದ ಪ್ರೊಫೆಸರಿಗೆ ಆ ಚಾನ್ಸ್ ಇಲ್ಲ. ಲೆನಿನ್‌ಗ್ರಾಡಲ್ಲಿ ಆ ಬಾಗಿಲೂ ಇರ್ಲಿಲ್ಲ, ಮಾರಾಟ ಮಾಡ್ತಿದ್ದಿದ್ದೂ ಸರ್ಕಾರವೇ, ಹರ್ಮಿಟೇಜಿನ ಮಾಲನ್ನೇ ಹೊರದೇಶಕ್ಕೆ ಮಾರ್ತಿದ್ರು ಆಗ. ಡೀಲರ್‌ಗಳನ್ನ ಬೈಯೋ ನಮ್ಮ ಅಕಾಡೆಮಿಕ್ ಮಹಾಶಯರು ಇದನ್ನ ಸ್ವಲ್ಪ ಯೋಚಿಸ್ಬೇಕು.

ಕುಮಾರ_ಧಾರವಾಡ:
ನಮ್ ಕೋಸಂಬಿಯವ್ರದ್ದೂ ಹಿಂಗ ಆತಲ್ರಿ. ಗೋವಾದಾಗ ಹುಟ್ಟಿದ ಗಣಿತದ ಮನುಷ್ಯ, ತಕ್ಷಶಿಲಾದ ಪಂಚ್ ಮಾರ್ಕ್ ನಾಣ್ಯ (ಬೆಳ್ಳಿ ತುಂಡಿನ ಮ್ಯಾಲ ಸಣ್ಣ ಸಣ್ಣ ಮುದ್ರಿ ಒತ್ತಿದ್ದು) ಒಂದೊಂದೂ ತೂಗಿ, ಕೈ ಬದಲಿದಷ್ಟೂ ಬೆಳ್ಳಿ ಸವೀತೈತಿ, ಹಿಂದಿನ ಬದಿಗೆ ಸಣ್ಣ ಮುದ್ರಿ ಜಾಸ್ತಿ ಇದ್ದಷ್ಟೂ ತೂಕ ಕಡಿಮಿ ಐತಿ ಅಂತ ಲೆಕ್ಕಾ ಹಾಕಿ ತೋರ್ಸಿದ್ರು. 1962ರಾಗ ಮುಂಬೈದ ಟಾಟಾ ಇನ್‌ಸ್ಟಿಟ್ಯೂಟಿನವ್ರು ಕಾಂಟ್ರಾಕ್ಟ್ ಮುಂದುವರ್ಸಲಿಲ್ಲ.

ಟಂಕಸಾಲೆ:
ಕುಮಾರ್ ಅವ್ರೇ, ಕೋಸಂಬಿ ಮೇಲೆ ನನಗೂ ಗೌರವ ಇದೆ, ಆದ್ರೆ ಇದಕ್ಕೂ ಅದಕ್ಕೂ ಜೋಡಿಸ್ಬೇಡಿ. ಕೆಲಸ ಹೋದ್ಮೇಲೂ ಅವ್ರು ಪುಣೆಯ ಮನೇಲಿ ಕೂತು ಬರೆದ್ರು, ಪುಸ್ತಕ ಬಂತು, ಜನ ಓದಿದ್ರು, ಬೈದ್ರು. ಫಾಸ್ಮರ್‌ಗೆ ಬೈಸಿಕೊಳ್ಳೋ ಅವಕಾಶವೂ ಸಿಗ್ಲಿಲ್ಲ. @ಗದ್ಯಾಣ ನಿಮ್ಮ ಮಾರ್ಕೆಟ್ ಮಾತು ಅರ್ಧ ಒಪ್ತೀನಿ, ಅದೇ ಮಾರ್ಕೆಟಿಂದಾನೇ ನಿಧಿಗಳು ಒಡೆದು ಹತ್ತು ಊರಿಗೆ ಹಂಚಿಹೋಗಿ, ಒಟ್ಟಿಗೆ ಸಿಕ್ಕಿದ್ವು ಅನ್ನೋ ಮಾಹಿತಿಯೇ ಅಳಿಸಿಹೋಗೋದು. ಫಾಸ್ಮರ್ ಜೀವಮಾನವೆಲ್ಲಾ ಕೂಡಿಸ್ತಿದ್ದಿದ್ದು ಅದನ್ನೇ.

ಗದ್ಯಾಣ:
ಅದಕ್ಕೆ ಬೇರೆ ಥ್ರೆಡ್ ತೆಗೀರಿ ಸ್ವಾಮಿ, ಅಲ್ಲೇ ಜಗಳ ಆಡೋಣ 😄

ಆನೆಕಾಸು:
ಎಲ್ರಿಗೂ ಥ್ಯಾಂಕ್ಸ್. ಟಂಕಸಾಲೆ ಸರ್, ಅಲ್ ಶಾಶ್ ಅಂತ ಬರೆದಿರೋ ದಿರ್ಹಮ್ ಫೋಟೋ ಕ್ಲಿಯರ್ ಆಗಿರೋದು ಇದ್ರೆ ಹಾಕಿ, ಅಂಚಲ್ಲಿ ಯಾವ ಜಾಗದಿಂದ ಓದೋಕೆ ಶುರು ಮಾಡ್ಬೇಕು ಅಂತಾನೂ ಗುರುತು ಹಾಕ್ಕೊಡಿ.