ಪ್ರಶ್ನೋತ್ತರ: ಊಟ ಬದಲಿಸಿದರೆ ಗಂಡಸರ ವೀರ್ಯಾಣು ಕೌಂಟ್ ಏರುತ್ತದಾ?

ಪ್ರಶ್ನೆ (ರಾಣೆಬೆನ್ನೂರಿನ ಸದಸ್ಯೆ, ಹೆಸರು ಹಾಕಬೇಡಿ ಎಂದಿದ್ದಾರೆ):

ನಮಸ್ಕಾರ ಮೇಡಂ. ನಮ್ಮ ಮದುವೆಯಾಗಿ ನಾಲ್ಕು ವರ್ಷ ಆಯಿತು. ನನಗೆ 31, ಯಜಮಾನರಿಗೆ 34. ಮೂರು ವರ್ಷ ಬರೀ ನನಗೇ ಟೆಸ್ಟ್ ಮಾಡಿಸಿದರು. ಸ್ಕ್ಯಾನಿಂಗ್, ಟ್ಯೂಬ್ ಟೆಸ್ಟ್, ಹಾರ್ಮೋನ್, ಎಲ್ಲ ಸರಿ ಇದೆ. ಕಳೆದ ತಿಂಗಳು, ಅಂದರೆ ಆಗಸ್ಟ್‌ನಲ್ಲಿ, ಮೊದಲ ಸಲ ಅವರ ವೀರ್ಯ ಪರೀಕ್ಷೆ ಆಯಿತು. ಒಂದು ಎಂಎಲ್‌ಗೆ 90 ಲಕ್ಷ ವೀರ್ಯಾಣು, ಮೊಟಿಲಿಟಿ (ಅವುಗಳ ಚಲನೆ) 28% ಅಂತ ಬಂದಿದೆ. ಅವರದು ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ-ಔಷಧಿ ಅಂಗಡಿ. ತೂಕ 92 ಕೆಜಿ, ಎತ್ತರ ಐದೂವರೆ ಅಡಿ. ಬೆಳಿಗ್ಗೆ ಮಿರ್ಚಿ-ಮಂಡಕ್ಕಿ, ದಿನಕ್ಕೆ ಐದಾರು ಚಹಾ, ಮಧ್ಯೆ ಗುಟ್ಕಾ. ಅತ್ತೆ ದಿನಾ ನುಗ್ಗೆಕಾಯಿ ಸಾರು, ಬಾದಾಮಿ ಹಾಲು ಮಾಡಿ ಕೊಡುತ್ತಿದ್ದಾರೆ. ಯಾರೋ ಹೇಳಿದರು ಅಂತ 3,200 ರೂಪಾಯಿ ಕೊಟ್ಟು ಒಂದು ಪುಡಿಯನ್ನೂ ತಂದಿದ್ದೇವೆ. ಊಟದಿಂದ ಇದು ಸರಿಹೋಗುತ್ತದಾ? ಎಷ್ಟು ದಿನ ಕಾಯಬೇಕು?

ಉತ್ತರ (ಡಯಟೀಷಿಯನ್):

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾಗಿದ್ದು "ಮೂರು ವರ್ಷ ಬರೀ ನನಗೇ" ಅನ್ನೋ ಮಾತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ಅದು ಮೊದಲ ವಾರವೇ ಆಗಬೇಕಾದ ಟೆಸ್ಟ್. ಇದನ್ನು ಓದುತ್ತಿರುವ ಗಂಡಸರು ದಯವಿಟ್ಟು ಹೆಂಡತಿಯ ಜೊತೆಗೇ ನಿಮ್ಮದನ್ನೂ ಮಾಡಿಸಿಕೊಳ್ಳಿ.

ಈಗ ರಿಪೋರ್ಟ್ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗಡಿ ಒಂದು ಎಂಎಲ್‌ಗೆ 1 ಕೋಟಿ 60 ಲಕ್ಷ, ಮೊಟಿಲಿಟಿ 42%. ನಿಮ್ಮವರದು ಅದಕ್ಕಿಂತ ಕಡಿಮೆ ಇದೆ, ನಿಜ. ಆದರೆ ಆ ಗಡಿ ದಾಟದಿದ್ದರೆ ಮಗು ಆಗಲ್ಲ ಅಂತ ಅರ್ಥವಲ್ಲ. ಒಂದೇ ಟೆಸ್ಟ್ ನಂಬಿ ಕೂರುವುದೂ ಸರಿಯಲ್ಲ, ಸಲದಿಂದ ಸಲಕ್ಕೆ ಅಂಕಿ ಬಹಳ ಏರುಪೇರಾಗುತ್ತದೆ.

ವೀರ್ಯಾಣು ಒಂದು ರಾತ್ರಿಯಲ್ಲಿ ಆಗುವ ವಸ್ತುವಲ್ಲ. ಅದು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಹೊರಬರುವ ದಾರಿಯಲ್ಲಿ ಮತ್ತೆ ಕೆಲವು ದಿನ. ಹಾಗಾಗಿ ಇವತ್ತು ಬದಲಿಸಿದ ಊಟದ ಫಲ ಕಾಣಲು ಮೂರು ತಿಂಗಳು ಹಿಡಿಯುತ್ತದೆ. ಹದಿನೈದು ದಿನಕ್ಕೆ ಕೌಂಟ್ ಏರಿಸುತ್ತೇವೆ ಅನ್ನುವ ಯಾವ ಪುಡಿಯನ್ನೂ ನಂಬಬೇಡಿ. ನೀವು ತಂದಿರುವುದನ್ನು ನಿಲ್ಲಿಸಿ. ಒಳಗೆ ಏನಿದೆ ಅಂತ ಡಬ್ಬಿಯ ಮೇಲೆ ಸರಿಯಾಗಿ ಬರೆದಿದ್ದರೆ ಡಾಕ್ಟರಿಗೆ ತೋರಿಸಿ.

ಊಟದ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮ್ಮವರಿಗೆ ಹೊಸದಾಗಿ ಏನು ಕೊಡಬೇಕು ಅನ್ನುವುದಕ್ಕಿಂತ ಏನು ತೆಗೆಯಬೇಕು ಅನ್ನುವುದು ದೊಡ್ಡದು.

ಮೊದಲು ಗುಟ್ಕಾ. ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಪ್ಯಾಕೆಟ್ ತಂದು ಕಲಸಿಕೊಂಡರೂ ಅದು ಗುಟ್ಕಾನೇ. ಸೇದುವ ತಂಬಾಕಿನಷ್ಟೇ ಅಗಿಯುವ ತಂಬಾಕೂ ವೀರ್ಯಕ್ಕೆ ಕೆಟ್ಟದ್ದು. ಹೆಚ್ಚು ಅಗಿದಷ್ಟೂ ಕೌಂಟ್, ಚಲನೆ ಎರಡೂ ಇಳಿಯುವುದನ್ನು ನಮ್ಮ ದೇಶದ ಅಧ್ಯಯನಗಳಲ್ಲೇ ಕಂಡಿದ್ದಾರೆ. ಇನ್ನೊಂದು ಸಂಗತಿಯನ್ನು ಸುಮ್ನೆ ಬಿಡಬೇಡಿ. ಕೀಟನಾಶಕದ ಬಾಟಲಿ ಮುಟ್ಟಿದ ಕೈಯಲ್ಲೇ ಅವರು ಗುಟ್ಕಾ ಬಾಯಿಗೆ ಹಾಕುತ್ತಾರೆ, ಅಲ್ವಾ? ಕೆಲವು ಕೀಟನಾಶಕಗಳು ವೀರ್ಯಾಣುವಿಗೆ ನೇರ ಏಟು ಕೊಡುತ್ತವೆ. ಅಂಗಡಿಯಲ್ಲಿ ಕೈಗವಸು ಇರಲಿ. ತಿನ್ನುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ಸೋರಿದ ಡಬ್ಬಿ ಇರುವ ಕಡೆ ಊಟದ ಬುತ್ತಿ ಇಡಬೇಡಿ.

ಎರಡನೆಯದು ತೂಕ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ತೊಡೆಯ ಸಂದಿಯ ಕೊಬ್ಬು ವೃಷಣವನ್ನು ಬೆಚ್ಚಗೆ ಇಡುತ್ತದೆ, ಅದಕ್ಕೆ ಬೇಕಾಗಿರುವುದು ತಂಪು. ಡೆನ್ಮಾರ್ಕ್‌ನಲ್ಲಿ 56 ಮಂದಿ ಬೊಜ್ಜಿನ ಗಂಡಸರಿಗೆ ಎಂಟು ವಾರ ತೀರಾ ಕಡಿಮೆ ಕ್ಯಾಲೊರಿಯ ಊಟ ಕೊಟ್ಟು ನೋಡಿದರು. ಸರಾಸರಿ 16.5 ಕೆಜಿ ಇಳಿಯಿತು, ವೀರ್ಯಾಣುಗಳ ದಟ್ಟಣೆ ಸುಮಾರು ಒಂದೂವರೆ ಪಟ್ಟಾಯಿತು. 2022ರಲ್ಲಿ ಇದು ಪ್ರಕಟವಾಯಿತು. ಇಳಿದ ತೂಕವನ್ನು ಹಾಗೇ ಉಳಿಸಿಕೊಂಡವರಲ್ಲಿ ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಅಷ್ಟು ಕಠಿಣ ಪಥ್ಯವನ್ನು ಮನೆಯಲ್ಲಿ ನೀವೇ ಮಾಡಬೇಡಿ, ಅವರೆಲ್ಲ ವೈದ್ಯರ ನಿಗಾದಲ್ಲಿ ಇದ್ದರು. ಮೂರು ತಿಂಗಳಲ್ಲಿ ಐದಾರು ಕೆಜಿ ಇಳಿದರೂ ನನಗೆ ಸಮಾಧಾನ.

ಮಿರ್ಚಿ ವಾರಕ್ಕೊಂದು ದಿನ ಸಾಕು. ಪದೇ ಪದೇ ಕಾಯಿಸಿದ ಎಣ್ಣೆ, ವನಸ್ಪತಿ ಹಾಕಿದ ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಬಿಡಿ. ಚಹಾ ಎರಡು ಕಪ್ ಕುಡಿಯಲಿ, ಸಕ್ಕರೆ ಕಡಿಮೆ ಹಾಕಿ.

ಉಳಿದದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಮಡಿಕೆಕಾಳು, ಮೊಸರು, ಅಗಸಿ ಚಟ್ನಿಪುಡಿ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಒಂದು ಪೇರಲೆಹಣ್ಣು. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿರುವ ಜಿಂಕ್ ಮೈಗೆ ಚೆನ್ನಾಗಿ ಹತ್ತುತ್ತದೆ. ವೀರ್ಯ ತಯಾರಾಗಲು ಜಿಂಕ್ ಬೇಕೇ ಬೇಕು.

ಅತ್ತೆಯವರ ನುಗ್ಗೆಕಾಯಿ ಸಾರು ನಡೆಯಲಿ, ಒಳ್ಳೆಯ ತರಕಾರಿ ಅದು. ಕೌಂಟ್ ಏರಿಸುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಬಾದಾಮಿ ಹಾಲಿಗೆ ಸಕ್ಕರೆ ಬೇಡ, ಬಾದಾಮಿಯನ್ನು ಹಾಗೇ ಒಂದು ಹಿಡಿ ತಿನ್ನಲಿ. ಲಾಸ್ ಏಂಜಲೀಸ್‌ನಲ್ಲಿ 117 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆದಿತ್ತು, 2012ರಲ್ಲಿ ವರದಿಯಾಯಿತು. 12 ವಾರ ದಿನಾ 75 ಗ್ರಾಂ ಅಕ್ರೋಟು ತಿಂದವರ ವೀರ್ಯಾಣುಗಳ ಚಲನೆ, ಆಕಾರ ಸುಧಾರಿಸಿತ್ತು. ಅವರಿಗೆ ಮೊದಲೇ ತೊಂದರೆ ಇರಲಿಲ್ಲ ಅನ್ನುವುದು ನೆನಪಿರಲಿ. ದಿನಾ ಅಷ್ಟು ಅಕ್ರೋಟು ಕೊಳ್ಳುವುದು ಎಲ್ಲರಿಗೂ ಆಗಲ್ಲ. ಅಕ್ರೋಟಿನ ಒಮೇಗಾ-3 ಕೊಬ್ಬು ಅಗಸಿಯಲ್ಲೂ ಇದೆ. ಅಗಸಿಯಿಂದ ಕೌಂಟ್ ಏರುತ್ತದೆ ಅಂತ ಮಾತು ಕೊಡಲ್ಲ, ಊಟ ಒಳ್ಳೆಯದಾಗುತ್ತದೆ ಅನ್ನುವುದಂತೂ ಖಂಡಿತ.

ಪಥ್ಯ ಮಾಡುತ್ತಾ ಡಾಕ್ಟರನ್ನು ಮುಂದೂಡಬೇಡಿ. ವೃಷಣದ ರಕ್ತನಾಳ ಉಬ್ಬುವ ವೆರಿಕೋಸೀಲ್ ಇದ್ದರೆ ಯಾವ ಊಟವೂ ಅದನ್ನು ಸರಿಮಾಡಲ್ಲ. ಯೂರಾಲಜಿಸ್ಟ್ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಲೇಬೇಕು. ಈ ತಿಂಗಳೇ ಹೋಗಿ.

ಪ್ರಶ್ನೆ (ದಾವಣಗೆರೆಯ ಸದಸ್ಯ): ಮೇಡಂ, ಮೆಡಿಕಲ್ ಶಾಪ್‌ನಲ್ಲಿ ಜಿಂಕ್, ಫೋಲಿಕ್ ಆ್ಯಸಿಡ್ ಮಾತ್ರೆ ಕೊಟ್ಟಿದ್ದಾರೆ. ತಗೋಬಹುದಾ?

ಉತ್ತರ: ಡಾಕ್ಟರ್ ಬರೆದುಕೊಟ್ಟಿಲ್ಲ ಅಂದರೆ ಬೇಡ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ಇದನ್ನೇ ಪರೀಕ್ಷಿಸಿದರು, 2020ರಲ್ಲಿ ಫಲಿತಾಂಶ ಬಂತು. ಗಂಡಸರಿಗೆ ಆರು ತಿಂಗಳು ದಿನಾ 30 ಮಿಲಿಗ್ರಾಂ ಜಿಂಕ್, 5 ಮಿಲಿಗ್ರಾಂ ಫೋಲಿಕ್ ಆ್ಯಸಿಡ್ ಕೊಟ್ಟರು. ಮಗು ಹುಟ್ಟಿದ ಪ್ರಮಾಣ ಮಾತ್ರೆ ತಿಂದವರಲ್ಲಿ 34%, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ತಿಂದವರಲ್ಲಿ 35%. ಕೌಂಟೂ ಏರಲಿಲ್ಲ, ಹೊಟ್ಟೆನೋವು ಮಾತ್ರ ಜಾಸ್ತಿಯಾಯಿತು. ಕಾಳಿನಲ್ಲಿ ಸಿಗುವ ಜಿಂಕ್ ಬೇರೆ, ಕೊರತೆ ಇಲ್ಲದವರು ಮೇಲಿಂದ ನುಂಗುವ ಮಾತ್ರೆ ಬೇರೆ.

ಪ್ರಶ್ನೆ (ಬೆಂಗಳೂರಿನ ಸದಸ್ಯ, 27): ಜಿಮ್‌ಗೆ ಹೋಗ್ತೀನಿ, ಸಸ್ಯಾಹಾರಿ. ಸೋಯಾ ಚಂಕ್ಸ್ ತಿಂದರೆ ಕೌಂಟ್ ಬೀಳುತ್ತದೆ ಅಂತಾರೆ. ಟ್ರೇನರ್ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೋ ಅಂತಿದ್ದಾರೆ, ಅದರಿಂದ ಒಳ್ಳೆಯದಾಗುತ್ತದಾ?

ಉತ್ತರ: ಸೋಯಾ ತಿನ್ನಿ ತಮ್ಮಾ, ವಾರಕ್ಕೆ ಮೂರ್ನಾಲ್ಕು ಸಲ ಒಂದು ಬಟ್ಟಲು. ಅದರಿಂದ ಟೆಸ್ಟೋಸ್ಟಿರಾನ್ ಇಳಿಯುವುದು ಪ್ರಯೋಗಗಳಲ್ಲಿ ಕಂಡಿಲ್ಲ. ಆ ಇಂಜೆಕ್ಷನ್ ಮಾತ್ರ ಖಂಡಿತ ಬೇಡ. ಹೊರಗಿನಿಂದ ಹಾರ್ಮೋನ್ ಬಂದಾಗ ಮೆದುಳು ವೃಷಣಕ್ಕೆ ಕಳಿಸುವ ಸಂದೇಶ ನಿಲ್ಲಿಸುತ್ತದೆ. ವೀರ್ಯಾಣು ತಯಾರಿಕೆ ನಿಂತೇ ಹೋಗಬಹುದು, ಕೌಂಟ್ ಸೊನ್ನೆಗೆ ಬರಬಹುದು. ಬಿಟ್ಟ ಮೇಲೆ ಮರಳಿ ಬರಲು ಎಷ್ಟೋ ತಿಂಗಳು, ಕೆಲವರಿಗೆ ವರ್ಷಕ್ಕಿಂತ ಹೆಚ್ಚು ಬೇಕು. ಈಗಾಗಲೇ ತಗೊಂಡಿದ್ದರೆ ನಾಚಿಕೆ ಪಡದೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ತಿರ ಹೋಗಿ.

ಪ್ರಶ್ನೆ (ರಾಯಚೂರಿನ ಸದಸ್ಯೆ): ಹತ್ತಿಕಾಳಿನ ಎಣ್ಣೆಯಿಂದ ಮಕ್ಕಳಾಗಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ?

ಉತ್ತರ: ಅದರ ಹಿಂದೆ ಒಂದು ನಿಜ ಇದೆ. ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಕಾಳೆಣ್ಣೆ ತಿಂದವರಿಗೆ ಮಕ್ಕಳಾಗುವುದೇ ನಿಂತಿತ್ತು. ಕಾರಣ ಅದರಲ್ಲಿನ ಗಾಸಿಪಾಲ್ ಅನ್ನೋ ರಾಸಾಯನಿಕ. 1970ರ ದಶಕದಲ್ಲಿ ಅಲ್ಲಿ ಅದನ್ನೇ ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ ಸಾವಿರಾರು ಜನರ ಮೇಲೆ ಪ್ರಯೋಗಿಸಿದರು. ರಿಫೈನ್ ಮಾಡುವಾಗ ಗಾಸಿಪಾಲ್ ಬಹುಪಾಲು ಹೋಗುತ್ತದೆ, ಪ್ಯಾಕೆಟ್ ಎಣ್ಣೆಗೆ ಹೆದರಬೇಡಿ. ಗಾಣದಲ್ಲಿ ತೆಗೆದ ಹಸಿ ಹತ್ತಿಕಾಳೆಣ್ಣೆಯನ್ನು ಮಾತ್ರ ಅಡುಗೆಗೆ ಬಳಸಬೇಡಿ.

ಪ್ರಶ್ನೆ (ರಾಣೆಬೆನ್ನೂರಿನ ಸದಸ್ಯೆ ಮತ್ತೆ): ತುಂಬಾ ಥ್ಯಾಂಕ್ಸ್ ಮೇಡಂ. ಇದನ್ನೆಲ್ಲ ಅವರಿಗೂ ಓದಿಸಿದೆ. ಗುಟ್ಕಾ ಬಿಡುತ್ತೇನೆ ಅಂದಿದ್ದಾರೆ. ಮುಂದಿನ ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಒಂದು ಮಾತು ಬರೆಯಲು ಮರೆತಿದ್ದೆ, ಜುಲೈ ಕೊನೆಯಲ್ಲಿ ಅವರಿಗೆ ಡೆಂಗ್ಯೂ ಬಂದಿತ್ತು. ಐದು ದಿನ 103 ಡಿಗ್ರಿ ಜ್ವರ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ, ಹೇಳಿದ್ದು ಬಹಳ ಒಳ್ಳೆಯದಾಯಿತು. ಜೋರು ಜ್ವರ ಬಂದರೆ ಆ ಹೊತ್ತಿಗೆ ತಯಾರಾಗುತ್ತಿದ್ದ ವೀರ್ಯಾಣುಗಳಿಗೆ ಪೆಟ್ಟಾಗುತ್ತದೆ. ಮುಂದಿನ ಎರಡು ಮೂರು ತಿಂಗಳು ಕೌಂಟ್, ಚಲನೆ ಕಡಿಮೆ ಕಾಣಬಹುದು. ನಿಮ್ಮ ಆಗಸ್ಟ್‌ನ ರಿಪೋರ್ಟ್‌ಗೆ ಸರಿಯಾಗಿ ಆ ಸಮಯವೇ ಸಿಕ್ಕಿದೆ. ಪೂರ್ತಿ ಕಾರಣ ಅದೇ ಅಂತ ಈಗಲೇ ಹೇಳಲು ಆಗಲ್ಲ, ತೂಕ ಮತ್ತು ಗುಟ್ಕಾ ಎರಡೂ ಇವೆ. ಗುರುವಾರ ತಪ್ಪಿಸಬೇಡಿ. ಜ್ವರ ಶುರುವಾದ ದಿನ, ಬಿಟ್ಟ ದಿನ, ಆಗ ತಗೊಂಡ ಔಷಧಿ, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ಕೊಡಿ. ಎರಡನೇ ವೀರ್ಯ ಪರೀಕ್ಷೆಯನ್ನು ನವೆಂಬರ್ ಮೊದಲ ವಾರದಲ್ಲಿ ಮಾಡಿಸಬಹುದಾ ಅಂತ ಕೇಳಿ. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ದೈಹಿಕ ಸಂಪರ್ಕ ಬೇಡ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ. ರಿಪೋರ್ಟ್ ಬಂದ ದಿನ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.